ಸ್ಟೆಪ್ನಿ ಸಾರ್

ತಿಪಟೂರಿನಲ್ಲಿ ಯಾವ ಕಚೇರಿಗೆ ಹೋದರೂ ಒಬ್ಬ ಸಿಸ್ಟಮ್ ಸಾರ್ ಸಿಗುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರು ಗುಮಾಸ್ತರು. ಯಾವತ್ತೋ ಒಂದು ದಿನ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಹರಿಯದ ಹಾಗೆ ಎಳೆದು ತೆಗೆದ ತಪ್ಪಿಗೆ, ಅಲ್ಲಿಂದ ಮುಂದೆ ಕಚೇರಿಯ ಸಕಲ ವೈರುಗಳ ಉಸ್ತುವಾರಿ ಅವರ ಹೆಗಲಿಗೆ. ಈ ಕುಲದಲ್ಲೂ ಒಂದು ಒಳಪಂಗಡವಿದೆ. ಯಾವುದಾದರೂ ವಸ್ತು ಒಂದೇ ಇದ್ದರೆ ಅವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ತುರುವೇಕೆರೆಯಲ್ಲೂ ಇದ್ದಾರೆ, ಚಿಕ್ಕನಾಯಕನಹಳ್ಳಿಯಲ್ಲೂ ಇದ್ದಾರೆ. ಓದುವವರು ತಂತಮ್ಮ ಊರಿನವರ ಮುಖ ಇಟ್ಟುಕೊಂಡು ಓದಿಕೊಳ್ಳಬಹುದು.

ನಮ್ಮವರಿಗೆ ಸ್ಟೆಪ್ನಿ ಸಾರ್ ಎಂಬ ಹೆಸರು ಬಿದ್ದದ್ದು ಅವರ ಮದುವೆಯ ದಿನ. ಪುರೋಹಿತರು ಕೈಕೊಟ್ಟರೆ ಗತಿಯೇನು ಎಂದು ಮುಂದಾಲೋಚಿಸಿ ಇಬ್ಬರಿಗೆ ವೀಳ್ಯ ಕೊಟ್ಟು ಬಂದಿದ್ದರು. ಇಬ್ಬರೂ ಹುಳಿಯಾರಿನ ಕಡೆಯವರು. ಬೆಳಗಿನ ಒಂದೇ ಬಸ್ಸು ಹತ್ತಿದರು. ನಡುದಾರಿಯಲ್ಲಿ ಟೈರು ಢಂ ಎಂದಿತು, ಬಸ್ಸಿನಲ್ಲಿ ಸ್ಟೆಪ್ನಿ ಇರಲಿಲ್ಲ. ಇಬ್ಬರೂ ಹುಣಸೆ ಮರದ ಕೆಳಗೆ ಕೂತು ಲೋಕಾಭಿರಾಮ ಮಾತಾಡುತ್ತಿದ್ದರೆ ಇತ್ತ ಮುಹೂರ್ತ ಜಾರುತ್ತಿತ್ತು. ಹುಡುಗಿಯ ಸೋದರಮಾವ ಬೈಕಿನಲ್ಲಿ ಹೋಗಿ ಒಬ್ಬರನ್ನು ಕೂರಿಸಿಕೊಂಡು ಬಂದದ್ದಕ್ಕೆ ತಾಳಿ ಬಿತ್ತು. ಎರಡನೆಯವರು ಊಟದ ಹೊತ್ತಿಗೆ ಬಂದರು. ಮದುಮಗ ಪಂಕ್ತಿಯಿಂದೆದ್ದು ಹೋಗಿ, "ಬಸ್ಸಿಗೆ ಸ್ಟೆಪ್ನಿ ಐತಾ ಅಂತ ನೋಡಿ ಹತ್ತಬಾರದಾಗಿತ್ತಾ ಸ್ವಾಮಿ?" ಎಂದು ತರಾಟೆಗೆ ತೆಗೆದುಕೊಂಡರು. "ಇಬ್ಬರನ್ನೂ ಒಂದೇ ಬಸ್ಸಿಗೆ ಬನ್ನಿ ಅಂದಿದ್ದು ಯಾರು ಅಂತ ಮಾತ್ರ ಇವರು ಕೇಳ್ಕಳಲಿಲ್ಲ" ಎಂದು ಅವರ ಮನೆಯವರು ಈಗಲೂ ಬಂದವರ ಮುಂದೆ ಹೇಳುವುದುಂಟು.

ಆ ಮನೆಯಲ್ಲಿ ಎಲ್ಲವೂ ಜೋಡಿ. ಎರಡು ಫೋನು, ಎರಡು ಕಂಪನಿಯ ಸಿಮ್ಮು, ಎರಡು ಕನ್ನಡಕ. ಒಂದನ್ನು ಹುಡುಕುವುದಕ್ಕೆ ಇನ್ನೊಂದು. ತೋಟಕ್ಕೆ ಎರಡು ಮೋಟಾರು. ಒಂದು ಕೊಳವೆಬಾವಿಯೊಳಗೆ, ಇನ್ನೊಂದು ಅಟ್ಟದ ಮೇಲೆ ಕಾಯಿಗಳ ಪಕ್ಕ. ಇದನ್ನೆಲ್ಲ ಈ ಸೀಮೆಯವರು ಹುಚ್ಚೆಂದು ತಳ್ಳಿಹಾಕುವ ಹಾಗಿಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರೆಲ್ಲ ಇಂಗಿ, ಗಿಟಕು ಚಿಪ್ಪು ಬಿಟ್ಟು ಲೊಡಲೊಡ ಅನ್ನುವವರೆಗೆ ಹತ್ತು ಹನ್ನೊಂದು ತಿಂಗಳು ಮಾತಿಲ್ಲದೆ ಕಾಯುವ ಜನ ಇವರು. ಬೇಕಾದಾಗ ಬರಲಿ ಎಂದು ಎತ್ತಿಡುವುದು ಇಲ್ಲಿ ಕಸುಬು.

ಸಾರ್ ಕೆಲಸ ಮಾಡುವುದು ಒಂದು ಸಹಕಾರ ಸಂಘದಲ್ಲಿ. ಹಿಂದೆ ಗೋಣಿಚೀಲ ಒಟ್ಟುತ್ತಿದ್ದ ಕೋಣೆಯಲ್ಲಿ ಈಗ ಸರ್ವರಿದೆ. ತಿಪಟೂರಿನ ಕೌಂಟರುಗಳ ಲೆಕ್ಕ, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಶಾಖೆಗಳ ಲೆಕ್ಕ, ಎಲ್ಲವೂ ಆ ಒಂದು ಪೆಟ್ಟಿಗೆಯಲ್ಲೇ. ಪೆಟ್ಟಿಗೆಯ ಹಿಂಬದಿಗೆ ವೈರು ಸಿಕ್ಕಿಸುವ ಎರಡು ಕಿಂಡಿ. ಒಂದರಲ್ಲಿ ಕೇಬಲ್ಲು, ಇನ್ನೊಂದು ಖಾಲಿ. ಧೂಳು ಒರೆಸುವಾಗ ಆ ಖಾಲಿ ಕಿಂಡಿ ಕಣ್ಣಿಗೆ ಬಿದ್ದ ದಿನದಿಂದ ಸಾರ್‌ಗೆ ಊಟ ರುಚಿಸಲಿಲ್ಲ.

ಎರಡನೇ ಕೇಬಲ್ಲಿಗೂ ಇನ್ನೊಂದು ನೆಟ್‌ವರ್ಕ್ ಸ್ವಿಚ್ಚಿಗೂ ಮಂಜೂರಾತಿ ಕೇಳಿ ಅವರು ಆಡಳಿತ ಮಂಡಳಿಯ ಮುಂದೆ ನಿಂತರು. "ನೋಡಿ ಯಜಮಾನ್ರೇ, ತೋಟದಲ್ಲಿ ಒಂದು ಲೈನ್ ಹೋದ್ರೆ ಚೇಂಜ್‌ಓವರ್ ಎಳೆದು ಇನ್ನೊಂದಕ್ಕೆ ಹಾಕಲ್ವಾ? ಹಂಗೇ ಇದು. ಆದ್ರೆ ಇಲ್ಲಿ ಎಳೆಯೋಕೆ ಆಳು ಬೇಡ, ಸರ್ವರೇ ಎಳ್ಕಳುತ್ತೆ. ಎರಡು ವೈರನ್ನೂ ಸೇರಿಸಿ ಒಂದು ಬಾಂಡ್ ಮಾಡ್ತೀವಿ. ವಿಳಾಸ ಒಂದೇ. ಒಂದು ವೈರು ಕೆಲಸ ಮಾಡ್ತಿರುತ್ತೆ, ಇನ್ನೊಂದು ಸುಮ್ನೆ ಕೂತಿರುತ್ತೆ. ಮೊದಲನೇದು ಸತ್ತ ಕೂಡ್ಲೆ ಎರಡನೇದು ಎದ್ದು ನಿಲ್ಲುತ್ತೆ."

"ಬಾಂಡು ಎಷ್ಟು ರೂಪಾಯಿ ಛಾಪಾ ಕಾಗದದ ಮೇಲೆ?" ಎಂದರು ಒಬ್ಬ ನಿರ್ದೇಶಕರು.

"ಒಬ್ಬ ದುಡಿಯೋದು, ಒಬ್ಬ ಕೂತು ತಿನ್ನೋದು ಯಾವ ನ್ಯಾಯ? ಇಬ್ಬರನ್ನೂ ದುಡಿಸಿ" ಎಂದರು ಇನ್ನೊಬ್ಬರು. ಈ ಪ್ರಶ್ನೆಗಾಗಿ ಸಾರ್ ಕಾದಿದ್ದರು. ಇಬ್ಬರನ್ನೂ ದುಡಿಸುವ ವಿಧಾನವೂ ಇದೆ, ಈ ವಿದ್ಯೆ ಹುಟ್ಟಿದ್ದೇ ಅದಕ್ಕೆ ಎಂದು ಕಥೆ ಶುರು ಮಾಡಿದರು. 1994ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಗೊಡ್ಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್, ಡೊನಾಲ್ಡ್ ಬೆಕರ್ ಎಂಬಿಬ್ಬರು ಹದಿನಾರು ಸಾಮಾನ್ಯ ಕಂಪ್ಯೂಟರುಗಳನ್ನು ಸೇರಿಸಿ ಬೇವುಲ್ಫ್ ಎಂಬ ದೊಡ್ಡ ಯಂತ್ರ ಕಟ್ಟಿದರು. ಆಗಿನ 10 ಮೆಗಾಬಿಟ್ ವೈರು ಸಾಲದಾಗಿ, ವೇಗಕ್ಕಾಗಿ ವೈರುಗಳನ್ನು ಜೋಡಿ ಕಟ್ಟಿದರು. ಲಿನಕ್ಸಿನಲ್ಲಿರುವ ಬಾಂಡಿಂಗ್ ಡ್ರೈವರಿನ ಮೂಲ ಆ ಬೆಕರ್ ಬರೆದದ್ದೇ. "ನಮಗೆ ವೇಗ ಬ್ಯಾಡ ಯಜಮಾನ್ರೇ, ನಿಲ್ಲಬಾರದು ಅಷ್ಟೆ." ನಾಸಾ ಎಂಬ ಶಬ್ದ ಬಿದ್ದ ಮೇಲೆ ಯಾರೂ ಎದುರು ಮಾತಾಡಲಿಲ್ಲ. ಮಂಜೂರಾಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಉಪಾಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತ, "ಮೊದಲನೇದು ರಿಪೇರಿಯಾಗಿ ವಾಪಸ್ ಬಂದ್ರೆ ಎರಡನೇದು ಏನ್ ಮಾಡಬೇಕು?" ಎಂದು ಕೇಳಿಬಿಟ್ಟರು. ಅಧ್ಯಕ್ಷರು ಹೃದಯದ ಚಿಕಿತ್ಸೆಗೆಂದು ಬೆಂಗಳೂರಿಗೆ ಹೋಗಿ ಆಗಷ್ಟೇ ಮರಳಿದ್ದರು; ಅಷ್ಟು ದಿನ ಪ್ರಭಾರ ಕುರ್ಚಿ ಉಪಾಧ್ಯಕ್ಷರದು. ಸಾರ್ ಲೋಕಜ್ಞಾನವಿಲ್ಲದೆ ಉತ್ತರಿಸಿದರು: "ಅದಕ್ಕೊಂದು ಸೆಟ್ಟಿಂಗ್ ಇದೆ. ಪ್ರೈಮರಿ ರೀಸೆಲೆಕ್ಟ್ ಅಂತ. 'ಆಲ್ವೇಸ್' ಕೊಟ್ರೆ ಮೊದಲನೇದು ಬಂದ ತಕ್ಷಣ ಎರಡನೇದು ಜಾಗ ಬಿಡಬೇಕು. 'ಫೇಲ್ಯೂರ್' ಕೊಟ್ರೆ ಎರಡನೇದು ತಾನಾಗಿ ಕೆಡೋವರೆಗೂ ಅದೇ ಮುಂದುವರಿಯುತ್ತೆ."

"ಫೇಲ್ಯೂರೇ ಇರಲಿ, ಪದೇ ಪದೇ ಬದಲಾಯಿಸೋದು ಒಳ್ಳೇದಲ್ಲ" ಎಂದರು ಉಪಾಧ್ಯಕ್ಷರು.

"ಆಲ್ವೇಸ್ ಹಾಕ್ರೀ" ಎಂದರು ಅಧ್ಯಕ್ಷರು.

ಮಂಡಳಿ ಎರಡು ಭಾಗವಾಯಿತು. ಕಾಫಿ ಎರಡು ಸಲ ಬಂತು. ಕೊನೆಗೆ ಸದರಿ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ ಎಂದು ನಡಾವಳಿ ಪುಸ್ತಕದಲ್ಲಿ ಬರೆದರು. ಎರಡರಲ್ಲಿ ಯಾವುದು ಹೆಚ್ಚು ಚುರುಕೋ ಅದಕ್ಕೆ ಜಾಗ ಎನ್ನುವ 'ಬೆಟರ್' ಎಂಬ ಮೂರನೇ ಸೆಟ್ಟಿಂಗೂ ಒಂದಿದೆ. ಅಷ್ಟು ಹೊತ್ತಿಗೆ ಲೋಕಜ್ಞಾನ ಬಂದಿದ್ದ ಸಾರ್ ಅದನ್ನು ಬಾಯಿಬಿಡಲಿಲ್ಲ.

ವೈರು ಹಾಕಿದ್ದಾಯಿತು. ವೈರು ಬದುಕಿದೆಯೇ ಎಂದು 100 ಮಿಲಿಸೆಕೆಂಡಿಗೊಮ್ಮೆ, ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದೆರಡು ಸಲ, ಸರ್ವರು ತನ್ನಷ್ಟಕ್ಕೆ ಮುಟ್ಟಿ ನೋಡಿಕೊಳ್ಳತೊಡಗಿತು. ಇನ್ನು ಸಾರ್ ಅವರದು ಪ್ರದರ್ಶನದ ಪರ್ವ. ಕಚೇರಿಗೆ ಯಾರೇ ಬರಲಿ, ತೋಳು ಹಿಡಿದು ಗೋಣಿಚೀಲದ ಕೋಣೆಗೆ ಕರೆದೊಯ್ಯುವುದು, ಪರದೆಯ ಮೇಲೆ ಪಿಂಗ್ ಸಾಲುಗಳು ಇಳಿಯುತ್ತಿರುವುದನ್ನು ತೋರಿಸುವುದು, "ಎಳೀರಿ ಸಾರ್, ಹೆದರಬೇಡಿ, ಎಳೀರಿ" ಎಂದು ಕೇಬಲ್ಲು ಕೈಗೆ ಕೊಡುವುದು. ಎಳೆದರೆ ಏನೂ ಆಗುತ್ತಿರಲಿಲ್ಲ. ಏನೂ ಆಗದಿರುವುದೇ ಅದರ ಮಹಿಮೆ ಎಂದು ತಿಳಿಯದ ಜನ, "ಏನೂ ಆಗ್ಲಿಲ್ವಲ್ಲ" ಎಂದು ಪೆಚ್ಚಾಗಿ ಹೊರಬರುತ್ತಿದ್ದರು. ಆಡಿಟರು ಎಳೆದರು. ಕಾಫಿ ತರುವ ಹುಡುಗ ಎಳೆದ. ಬೆಳೆಸಾಲ ಕೇಳಲು ನೊಣವಿನಕೆರೆಯಿಂದ ಬಂದಿದ್ದ ಹಿರಿಯರೊಬ್ಬರು, ಎಳೆಯದಿದ್ದರೆ ಸಾಲ ಸಿಗುವುದಿಲ್ಲವೇನೋ ಎಂದು ಎರಡು ಸಲ ಎಳೆದರು. ಎಳೆದೂ ಎಳೆದೂ ಪ್ಲಗ್ಗಿನ ಪ್ಲಾಸ್ಟಿಕ್ ನಾಲಿಗೆ ಮುರಿದು, ಆಮೇಲಾಮೇಲೆ ಫ್ಯಾನಿನ ಗಾಳಿಗೇ ಕೇಬಲ್ಲು ತಾನಾಗಿ ಕಳಚಿ ಬೀಳತೊಡಗಿತು. ಬಿದ್ದಾಗಲೆಲ್ಲ ಎರಡನೆಯದು ಎದ್ದು ನಿಲ್ಲುತ್ತಿತ್ತು. "ಕಂಡ್ರಾ? ಇಲ್ಲದಿದ್ರೆ ಏನ್ ಗತಿ ಆಗಿರೋದು!" ಎಂದು ಸಾರ್ ಬೀಗಿದರು.

ಎರಡೂ ಸ್ವಿಚ್ಚುಗಳ ಕರೆಂಟು ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿನಿಂದ. ಕಸ ಗುಡಿಸುವಾಕೆ ದಿನಾ ಅದರ ಪಿನ್ನು ಕಿತ್ತು, ಗುಡಿಸಿ, ಮತ್ತೆ ಸಿಕ್ಕಿಸುತ್ತಾಳೆ. ಆ ಸಂಗತಿ ಬಹಳ ಕಾಲ ಸಾರ್ ಗಮನಕ್ಕೆ ಬರಲಿಲ್ಲ. ಅವರು ಬರುವುದು ಹತ್ತೂವರೆಗೆ.

ತೆಂಗಿನ ಸೀಮೆಯಲ್ಲಿ ನೆಟ್ ಹೋಗುವುದು ಯಾರೋ ಬಂದು ಸರ್ವರಿನ ಕೇಬಲ್ಲು ಎಳೆಯುವುದರಿಂದಲ್ಲ. ಇಲ್ಲಿ ಗರಿ ಬೀಳುತ್ತದೆ. ಒಂದು ಮರ ವರ್ಷಕ್ಕೆ 12ಕ್ಕೆ ಕಡಿಮೆಯಿಲ್ಲದಂತೆ ಗರಿ ಬಿಡುತ್ತದೆ, ಅಷ್ಟನ್ನೇ ಉದುರಿಸುತ್ತದೆ, ಲೆಕ್ಕಕ್ಕೆ ತಿಂಗಳಿಗೊಂದು. ಹದಿನೈದು ಅಡಿಯ ಒಣಗಿದ ಗರಿ ಮಟ್ಟೆಸಮೇತ ಬಿದ್ದರೆ ಕಂಬದಿಂದ ಕಂಬಕ್ಕೆ ಎಳೆದ ಫೈಬರು ಯಾವ ಲೆಕ್ಕ? ಗರಿಯ ಪಾಳಿ ಮುಗಿದರೆ ಅಳಿಲಿನದು. ಅಳಿಲು ಬಿಟ್ಟದ್ದನ್ನು, ಹಳೇ 206ನೇ ಹೆದ್ದಾರಿಯನ್ನು ನಾಲ್ಕು ಪಥ ಮಾಡಲು ಬಂದ ಜೆಸಿಬಿ ಮಣ್ಣಿನಡಿಯಿಂದ ಎತ್ತಿ ತೋರಿಸುತ್ತದೆ.

2024ರ ಮಾತು. ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ, ನಾಫೆಡ್ ಖರೀದಿಗೆ ನೋಂದಣಿ, ಊರೂರಲ್ಲಿ ರೈತರ ಸಾಲು. ಅಂಥ ದಿನಗಳಲ್ಲೊಂದು ಬೆಳಗ್ಗೆ ತುರುವೇಕೆರೆ ಶಾಖೆಯಿಂದ ಫೋನು.

"ಸಾರ್, ಬರೀ ಸುತ್ತುತಾ ಐತೆ."

"ಸಾಧ್ಯವೇ ಇಲ್ಲ ಕಣ್ರೀ. ಇಲ್ಲಿ ಎರಡೂ ಕಡೆ ಹಸಿರು ಲೈಟ್ ಉರೀತಿದೆ."

"ನಿಮ್ಮಲ್ಲಿ ಉರಿದ್ರೆ ನಮಗೇನ್ ಬಂತು ಸಾರ್? ಇಲ್ಲಿ ರೈತರು ಉರೀತಾವ್ರೆ!"

ಎರಡನೇ ಫೋನಿಗೆ ಚಿಕ್ಕನಾಯಕನಹಳ್ಳಿ ಬಂತು. ಸಾರ್ ಅಲುಗಲಿಲ್ಲ. ಬಾಂಡಿನ ಸ್ಥಿತಿ ಹೇಳುವ ಫೈಲು ತೆರೆದು ಓದಿದರು: ಮೊದಲನೇ ವೈರು ಅಪ್, ಎರಡನೇ ವೈರು ಅಪ್. ಸರ್ವರು ಹೇಳಿದ್ದು ನಿಜವೇ. ಅದು ಸೆಕೆಂಡಿಗೆ ಹತ್ತು ಸಲ ಮುಟ್ಟಿ ನೋಡುತ್ತಿದ್ದದ್ದು ತನ್ನಿಂದ ಸ್ವಿಚ್ಚಿಗೆ ಹೋಗುವ ಒಂದು ಮೊಳದ ಕೇಬಲ್ಲನ್ನು. ಕಚೇರಿಯ ಹಿಂದಿನ ಓಣಿಯಲ್ಲಿ ಗರಿ ಬಿದ್ದು ಫೈಬರು ನೆಲ ಮುಟ್ಟಿದ್ದರೆ ಅದಕ್ಕೆ ಹೇಳುವವರು ಯಾರು? ಸಾರ್ ಮಾತ್ರ ಅಂದು ಮಧ್ಯಾಹ್ನದವರೆಗೂ ಹಸಿರು ದೀಪದ ಪಕ್ಷ ಬಿಡಲಿಲ್ಲ. ಕಣ್ಣೆದುರು ದೀಪ ಉರಿಯುತ್ತಿರುವಾಗ ನೆಟ್ ಇಲ್ಲವೆನ್ನುವುದು ಅವರ ಪ್ರಕಾರ ಶಾಖೆಯವರ ಸೋಮಾರಿತನ.

ಸಂಜೆ ಅವರು ಬಾಂಡಿಂಗ್ ಡ್ರೈವರಿನ ಕೈಪಿಡಿ ತೆಗೆದು ಕೂತರು. ಹಟವಿರುವ ಮನುಷ್ಯ, ಅದನ್ನು ಒಪ್ಪಲೇಬೇಕು. ವೈರು ಬದುಕಿದೆಯೇ ಎಂದು ನೋಡುವ ಬದಲು, ಆಚೆ ತುದಿಯವರನ್ನು ಕೂಗಿ 'ಇದ್ದೀಯಾ?' ಎಂದು ಕೇಳುವ ಎಆರ್‌ಪಿ ವಿಧಾನವಿದೆ ಎಂದು ಗೊತ್ತಾಯಿತು. ಹಾಕಿದರು. ಯಾರನ್ನು ಕೇಳಬೇಕೆಂಬ ಜಾಗದಲ್ಲಿ ರೂಟರಿನ ವಿಳಾಸ ಕೊಟ್ಟರು. ರೂಟರು ಅದೇ ಕೋಣೆಯಲ್ಲಿ, ಸರ್ವರಿನಿಂದ ಒಂದಡಿ ದೂರದಲ್ಲಿದೆ. ಕೇಳಿದಾಗಲೆಲ್ಲ 'ಇದ್ದೀನಿ' ಎಂದಿತು. ಆ ಕೂಗು ರೂಟರಿನ ಹೊಸಿಲು ದಾಟುವುದಿಲ್ಲ; ಕೆ.ಬಿ. ಕ್ರಾಸಿನಾಚೆ ಏನು ನಡೆದಿದೆ ಎಂಬುದು ಅದಕ್ಕೆ ತಿಳಿಯದು. ಮುಂದಿನ ಗರಿ ಬಿದ್ದಾಗ ಇದೂ ತಿಳಿಯಿತು.

ಆಮೇಲೆ ಎರಡು ಲೈನು ಹಿಡಿಯುವ ರೂಟರು ಬಂತು. ಎರಡು ಬೇರೆ ಬೇರೆ ಕಂಪನಿಯ ಫೈಬರು, ದೂರದ ಒಂದು ವಿಳಾಸವನ್ನು ಸದಾ ಕೇಳುತ್ತಿದ್ದು, ಉತ್ತರ ನಿಂತ ಕೂಡಲೇ ಇನ್ನೊಂದು ಲೈನಿಗೆ ಹೊರಳುವ ಏರ್ಪಾಡು. ಈ ಸಲ ಸರಿಯಾದ ಕೆಲಸ. ಸಾರ್ ಇಡೀ ಊರಿಗೆ ಹೇಳಿದರು. ಒಂದು ತಿಂಗಳು ಎಲ್ಲ ಸುಗಮ. ಸರಿಯಾಗಿ ಒಂದೇ ತಿಂಗಳು; ಮರಕ್ಕೂ ತನ್ನದೊಂದು ಲೆಕ್ಕವಿದೆಯಲ್ಲ. ಎರಡೂ ಕಂಪನಿಯ ಹುಡುಗರು ಏಣಿ ಹಾಕಿ ಫೈಬರು ಕಟ್ಟಿದ್ದದ್ದು ಹಿಂದಿನ ಓಣಿಯ ಅದೇ ಕಂಬಕ್ಕೆ. ಕಂಬ ನಿಂತಿದ್ದದ್ದು ಅದೇ ತೆಂಗಿನ ಮರದ ಬುಡದಲ್ಲಿ. ಒಂದೇ ಗರಿ, ಎರಡೂ ಲೈನು.

"ಪುರೋಹಿತರು ಮತ್ತೆ ಒಂದೇ ಬಸ್ಸು ಹತ್ತಿದ್ರಾ?" ಎಂದರಂತೆ ಮನೆಯವರು, ರಾತ್ರಿ ಮುದ್ದೆ ಬಡಿಸುತ್ತ.

ಮರವನ್ನು ಕಡಿಸಬೇಕು ಎಂಬ ಅರ್ಜಿಯೊಂದಿಗೆ ಸಾರ್ ಮತ್ತೆ ಮಂಡಳಿಯ ಮುಂದೆ ನಿಂತರು. ಅವರ ದುರದೃಷ್ಟ, ಹೊತ್ತು ಸರಿಯಿರಲಿಲ್ಲ. 2023ರಲ್ಲಾಗಿದ್ದರೆ ಮಾತು ಬೇರೆ. ಆಗ ಬೆಂಬಲ ಬೆಲೆ 11,750 ಇದ್ದರೂ ಮಾರುಕಟ್ಟೆಯಲ್ಲಿ ಕೊಬ್ಬರಿ 8,000ದ ಆಸುಪಾಸಿಗೆ ಬಿದ್ದು, ರೈತರು ಬೀದಿಗಿಳಿದಿದ್ದರು. ಮರ ಕಡಿಯುತ್ತೀನಿ ಎಂದಿದ್ದರೆ ಕೊಡಲಿ ತಂದುಕೊಡುವವರಿದ್ದರು. ಇದು 2025ರ ಮಾತು. ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲು 20,000 ದಾಟಿ ಓಡುತ್ತಿತ್ತು. ಎಳನೀರಿಗೂ ಕಾಯಿಗೂ ಬಂದ ಬೆಲೆ ನೋಡಿ ಜನ ರಾತ್ರಿ ತೋಟದಲ್ಲಿ ಟಾರ್ಚು ಹಿಡಿದು ತಿರುಗುತ್ತಿದ್ದ ಕಾಲ.

"ಮರ ಎಷ್ಟು ಬಿಡುತ್ತೆ?" ಅಧ್ಯಕ್ಷರು ಕೇಳಿದರು.

"ನೂರು ಕಾಯಿಗೆ ಮೋಸ ಇಲ್ಲ. ಹದಿನಾಲ್ಕು ಹದಿನೈದು ಕೆಜಿ ಗಿಟಕು" ಎಂದರು ಮರದ ಯಜಮಾನರು. ಅವರೂ ನಿರ್ದೇಶಕರೇ. "ಇನ್ನೂರರ ಲೆಕ್ಕ ಹಿಡಿದ್ರೂ ವರ್ಷಕ್ಕೆ ಮೂರು ಸಾವಿರ. ನಿಮ್ಮ ನೆಟ್ಟು ವರ್ಷಕ್ಕೆ ಎಷ್ಟು ಬಿಡುತ್ತೆ ಹೇಳಿ."

ಸಾರ್ ಬಳಿ ಉತ್ತರವಿರಲಿಲ್ಲ. ಕಂಬವನ್ನೇ ಆಚೆ ಸರಿಸಿದರೆ ಹೇಗೆ ಎಂದು ಒಬ್ಬರು ಕೇಳಿದರು. ಆಚೆಗೂ ತೆಂಗಿನ ಮರವೇ ಎಂದು ಇನ್ನೊಬ್ಬರು ನೆನಪಿಸಿದರು. ಗರಿಯನ್ನು ಒಣಗುವ ಮುಂಚೆಯೇ ಇಳಿಸೋಣವೆಂದರೆ ಮರ ಹತ್ತುವವರು ಕೇಳುವ ಕೂಲಿ ಕೇಳಿ ಮಂಡಳಿ ಬೆಚ್ಚಿತು. ಕೊನೆಗೆ ಉಪಾಧ್ಯಕ್ಷರು, ಮೊದಲ ಸಭೆಯಿಂದಲೂ ಈ ವಿದ್ಯೆಯನ್ನು ಮನಸ್ಸಿಟ್ಟು ಕಲಿತಿದ್ದವರು, ಗಂಟಲು ಸರಿಮಾಡಿಕೊಂಡರು.

"ಹಳೇ ಮರ ತೆಗೀಬೇಕು ಅಂದ್ರೆ ನಮ್ಮ ಹಿರೀಕರು ಏನ್ ಮಾಡ್ತಿದ್ರು? ಪಕ್ಕದಲ್ಲಿ ಸಸಿ ನೆಡ್ತಿದ್ರು. ಅದು ಕಾಯಿ ಬಿಟ್ಟ ಮೇಲೆ ಹಳೇದು ಕಡೀತಿದ್ರು. ಓಣಿಯಿಂದ ಈಚೆಗೆ ಒಂದು ತಿಪಟೂರು ಟಾಲ್ ಸಸಿ ಹಾಕಣ. ಏಳೆಂಟು ವರ್ಷಕ್ಕೆ ಫಲಕ್ಕೆ ಬರುತ್ತೆ. ಆವತ್ತು ಈ ಮರ ಕಡಿದು ಅದಕ್ಕೆ ಬದಲಾಯಿಸ್ಕಳಣ. ಇದೂ ನಿಮ್ಮ ಫೇಲ್‌ಓವರೇ ಅಲ್ವೇನ್ರೀ?"

ಮಂಡಳಿ ತಲೆದೂಗಿತು. ಮರದ ಯಜಮಾನರೂ ಒಪ್ಪಿದರು. ಸಸಿಗೆ ನೂರಿಪ್ಪತ್ತು ರೂಪಾಯಿ ಮಂಜೂರು ಮಾಡಿ ಕಾರ್ಯದರ್ಶಿ ಠರಾವು ಬರೆಯತೊಡಗಿದರು. ನೂರು ಮಿಲಿಸೆಕೆಂಡಿನ ಮನುಷ್ಯ ಏಳೆಂಟು ವರ್ಷದ ಮಾತಿಗೆ ಸಿಡಿದೇಳುತ್ತಾರೆಂದು ಎಲ್ಲರೂ ಓರೆಗಣ್ಣಿನಲ್ಲಿ ನೋಡಿದರು. ಸಾರ್ ಯೋಚನೆಯಲ್ಲಿ ಬಿದ್ದಿದ್ದರು. ಕಾರ್ಯದರ್ಶಿ 'ಒಂದು ಸಸಿ' ಎಂದು ಬರೆದು ಮುಗಿಸುವಷ್ಟರಲ್ಲಿ ಅವರ ಕೈ ಮೇಲೆದ್ದಿತು.

"ಎರಡು ಅಂತ ಬರ್ಕಳಿ ಸಾರ್. ಒಂದೇ ಗುಂಡಿಗೆ ಹಾಕಣ. ನೀರು ಹಾಯಿಸೋಕೆ ಸುಲಭ."