ಸಾ, ಊಟ ಯಾವ ಕಡೆ?

2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ. ಅಧ್ಯಕ್ಷರು ಗೊ.ರು. ಚನ್ನಬಸಪ್ಪ. ಆದರೆ ಸಮ್ಮೇಳನಕ್ಕೂ ಮೊದಲೇ ಭರ್ಜರಿಯಾಗಿ ನಡೆದ ಗೋಷ್ಠಿ ಅಲ್ಲಿ ಬಾಡೂಟ ಬೇಕೆಂಬ ವಾದದ್ದು! ಆ ಗದ್ದಲದಲ್ಲಿ ಮಂಗಳ ಗ್ರಹದ ಕಾದಂಬರಿ ಬರೆದವನ ಪಾಡು ಯಾರಿಗೆ ಬೇಕು?

ರಾಜಶೇಖರ ಭೂಸನೂರಮಠರಂಥವರು ದಾರಿ ಹಾಕಿಕೊಟ್ಟರೂ ಕನ್ನಡದ ವೈಜ್ಞಾನಿಕ ಕಥೆಗಾರನ ಹಣೆಬರಹ ಬದಲಾಗಿಲ್ಲ. ಇಂಥ ಜಾತ್ರೆಯ ಮಳಿಗೆಯಲ್ಲಿ ಹಸ್ತಾಕ್ಷರ ಹಾಕಲು ಪೆನ್ನು ಬಿಚ್ಚಿ ಕೂತರೆ ಬರುವ ಪ್ರಶ್ನೆ ಒಂದೇ: "ಸಾ, ಊಟ ಯಾವ ಕಡೆ?" ಅವನು ವಿನಯದಿಂದ ಕೈ ತೋರಿಸುತ್ತಾನೆ. ಇನ್ನೊಬ್ಬರು ಮುಖಪುಟದ ಗ್ರಹಗಳನ್ನು ನೋಡಿ, "ಇದ್ರಲ್ಲಿ ರಾಹುಕಾಲ ಕೊಟ್ಟಿದ್ದೀರಾ?" ಎನ್ನುತ್ತಾರೆ. ಕಾದಂಬರಿ ಎಂದೊಡನೆ ಪುಸ್ತಕ ಮೆಲ್ಲಗೆ ಕೆಳಗಿಳಿಯುತ್ತದೆ. ಪಂಚಾಂಗ ಎಂದಿದ್ದರೆ ಎರಡು ಪ್ರತಿಯಾದರೂ ಹೋಗುತ್ತಿತ್ತೇನೋ.

ಹಿಂದಿನ ಕಾದಂಬರಿಕಾರ ಗಳಗನಾಥರು ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದವರು. ಅವರ ಹಾದಿ ಹಿಡಿದರೆ ಇದೇ ಜಿಲ್ಲೆಯ ಮದ್ದೂರಿನಲ್ಲೇ ಸೋಲು. ಅಲ್ಲಿನ ಹೆಸರುವಾಸಿ ಬಿಸಿ ವಡೆಯ ಎದುರು ಯಾವ ಸರಕು ತಾನೇ ನಿಂತೀತು?

ಮಳವಳ್ಳಿಯಲ್ಲಿ ಇನ್ನೂ ಕಷ್ಟ. ಆ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಸುಮಾರು 90 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ಕರೆಂಟು ಕಳಿಸಿದ್ದರು. ಅಂಥ ಊರಿನವರನ್ನು ಬೆರಗುಗೊಳಿಸಲು ಬರೀ ಹಾರುವ ತಟ್ಟೆ ಸಾಲದು.