ಷೇರಣ್ಣನೂ ಯಜಮಾನರ ಕಾಲ್ಗುಣವೂ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ – ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಟೀ ಅಂಗಡಿಯ ಬೆಂಚಿನ ಮೇಲೆ ಕೂತರೂ ಪಕ್ಕದಲ್ಲಿ ಷೇರಣ್ಣ ಇರುತ್ತಾನೆ. ಹೆಸರು ಕೇಳಬೇಡಿ, ಊರಿಗೊಬ್ಬನಿದ್ದಾನೆ. ಗುರುತು ಮಾತ್ರ ಹೇಳುತ್ತೇನೆ: ಬೆರಳಿಗೆ ಹೊಗೆಸೊಪ್ಪು ಮುರಿದ ಕಪ್ಪು ಅಂಟು, ಜೇಬಿನಲ್ಲಿ ಫೋನು, ಫೋನಿನಲ್ಲಿ ಡಿಮ್ಯಾಟ್ ಖಾತೆ, ಖಾತೆಯಲ್ಲಿ ಐಟಿಸಿಯ 25 ಷೇರು.

ಇಪ್ಪತ್ತೈದು ಅಂತ ಲೆಕ್ಕ ಹೇಳುವವರು ನಾವು. ಅವನ ಬಾಯಲ್ಲಿ ಅದು ‘ನಮ್ ಕಂಪ್ನಿ’.

ಹರಾಜಿನ ಕಾಲದಲ್ಲಿ ಅವನ ಪಾಡು ನೋಡಬೇಕು. ಕಟ್ಟೆಮಳಲವಾಡಿಯ ತಂಬಾಕು ಮಾರುಕಟ್ಟೆಯಲ್ಲಿ ಬೇಲುಗಳು ಸಾಲಾಗಿ ಮಲಗಿರುತ್ತವೆ, ಕೊಳ್ಳುವವರು ಒಂದೊಂದನ್ನೇ ಬಿಡಿಸಿ, ಮೂಸಿ ಮುಂದೆ ಹೋಗುತ್ತಾರೆ. ಷೇರಣ್ಣನ ಬೇಲಿನ ಹತ್ತಿರ ಬಂದಾಗ ರೇಟು ನಾಲ್ಕು ರೂಪಾಯಿ ಇಳಿದರೆ, ಇಲ್ಲವೇ ‘ನೋ ಬಿಡ್’ ಆದರೆ ಮುಗಿಯಿತು. ‘ಗೊಬ್ಬರದ ರೇಟೇನು, ಸೌದೆ ರೇಟೇನು, ಆಳಿನ ಕೂಲಿಯೇನು! ನಮ್ ಹೊಟ್ಟೆ ಮ್ಯಾಲೆ ಹೊಡೀತಾವ್ರೆ ಕಣ್ರಲಾ’ ಅಂತ ಬೆಳೆಗಾರ ಷೇರಣ್ಣ ಕೂಗಾಡುತ್ತಾನೆ. ಮಧ್ಯಾಹ್ನ ಎರಡು ಗಂಟೆಗೆ ಟೀ ಅಂಗಡಿಯಲ್ಲಿ ಷೇರುದಾರ ಷೇರಣ್ಣ ಹಣೆ ಚಚ್ಚಿಕೊಳ್ಳುತ್ತಾನೆ: ‘ಸೊಪ್ಗೆ ಇಂಗೆ ಸುರುದ್ರೆ ನಮ್ ಕಂಪ್ನಿಗೆ ಲಾಭ ಎಲ್ಲುಳಿತದೆ?’ ಇಬ್ಬರೂ ಒಂದೇ ಚಪ್ಪಲಿ ಮೆಟ್ಟಿಕೊಂಡವರು. ಒಬ್ಬರನ್ನೊಬ್ಬರು ಇನ್ನೂ ಭೇಟಿಯಾಗಿಲ್ಲ.

ಅವನ ಕಣ್ಣಿಗೆ ಐಟಿಸಿ ಒಂದು ಒಟ್ಟು ಕುಟುಂಬ. 1910ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ಟೊಬ್ಯಾಕೊ ಅಂತ ಹುಟ್ಟಿದ ಮನೆ. ದುಡಿಯುವ ಹಿರಿಯಣ್ಣ ಸಿಗರೇಟು. ಅವನ ದುಡಿಮೆಯಲ್ಲಿ ಓದಿ ದೊಡ್ಡವರಾದ ತಮ್ಮಂದಿರು ಆಶೀರ್ವಾದ್ ಹಿಟ್ಟು, ಸನ್‌ಫೀಸ್ಟ್ ಬಿಸ್ಕತ್ತು, ಕ್ಲಾಸ್‌ಮೇಟ್ ನೋಟ್‌ಬುಕ್ಕು, ಮಂಗಳದೀಪ ಊದಿನಕಡ್ಡಿ. ಅಣ್ಣನ ಕೆಲಸ ಏನು ಅಂತ ಬೀಗರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಷೇರಣ್ಣನಂತೂ ಬೀಡಿ ಕೂಡ ಮುಟ್ಟದವನು. ಯಾರಾದರೂ ಸೇದುತ್ತಿದ್ದರೆ ‘ಪುಪ್ಪುಸ ಹಾಳಾಯ್ತದೆ ಕಣಪ್ಪ’ ಅಂತ ಬುದ್ಧಿ ಹೇಳಿ, ಹೋಗುವಾಗ ಪ್ಯಾಕಿನ ಮೇಲೆ ಯಾರ ಹೆಸರಿದೆ ಅಂತ ಬಗ್ಗಿ ನೋಡುತ್ತಾನೆ. ಮೂರು ಹೊತ್ತೂ ಮುದ್ದೆ ಉಣ್ಣುವ ಮನೆಗೆ ತಿಂಗಳಿಗೆ ಐದು ಕೆ.ಜಿ. ಗೋಧಿ ಹಿಟ್ಟು ತಂದು ಹಾಕುತ್ತಾನೆ. ‘ಇದ್ರಲ್ಲಿ ಮುದ್ದೆ ಕಟ್ಟಕ್ಕಾಯ್ತದಾ?’ ಅಂತ ಹೆಂಡತಿ ಕೇಳಿದ್ದಕ್ಕೆ ಇವತ್ತಿಗೂ ಉತ್ತರ ಕೊಟ್ಟಿಲ್ಲ. ಕೆ.ಆರ್. ನಗರದ ಷೇರಣ್ಣ ಭತ್ತದವನಾದ್ದರಿಂದ ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಅಕ್ಕಿ ಸ್ವಂತದ್ದು, ಮಿಕ್ಕಿದ್ದೆಲ್ಲ ‘ನಮ್ ಕಂಪ್ನಿ’ಯದು.

ಈ ಮನೆಗೆ ವೈ.ಸಿ. ದೇವೇಶ್ವರ್ 1996ರಿಂದ ಯಜಮಾನರು. ಹಿಟ್ಟು, ಬಿಸ್ಕತ್ತು, ಪುಸ್ತಕವೆಲ್ಲ ಅವರ ಕಾಲದಲ್ಲಿ ಹುಟ್ಟಿದ ಕೂಸುಗಳು. 2017ರ ಫೆಬ್ರುವರಿಯಲ್ಲಿ ಅವರು ದಿನನಿತ್ಯದ ಆಡಳಿತ ಬಿಟ್ಟು ಸಂಜೀವ್ ಪುರಿ ಸಿಇಒ ಆದರು. ಷೇರಣ್ಣ ಷೇರುಪೇಟೆಗೆ ಕಾಲಿಟ್ಟದ್ದು ಆ ವರ್ಷವೇ. ಪುರಿಯವರ ಫೋಟೋ ಪೇಪರಿನಲ್ಲಿ ನೋಡಿ, ‘ಮೊಕದಲ್ಲಿ ಕಳೆ ಐತೆ, ಕಂಪ್ನಿ ಎತ್ತಾಕ್ತಾನೆ’ ಅಂತ ತೀರ್ಮಾನಿಸಿದ. ಲಾಭ-ನಷ್ಟದ ಪಟ್ಟಿ, ಬಂಡವಾಳದ ಮೇಲಿನ ಗಳಿಕೆ, ಇವೆಲ್ಲ ಇಂಗ್ಲಿಷಿನಲ್ಲಿದ್ದವು, ಮುಖ ಕನ್ನಡದಲ್ಲಿತ್ತು. ಸೊಪ್ಪಿನ ದುಡ್ಡಿನಲ್ಲಿ ಸೊಸೈಟಿ ಸಾಲ ಕಟ್ಟಿ ಉಳಿದದ್ದರಲ್ಲಿ 25 ಷೇರು ಬಂತು.

ಅದೇ ಜುಲೈ 17ರಂದು ಜಿಎಸ್‌ಟಿ ಮಂಡಳಿ ಸಿಗರೇಟಿನ ಮೇಲಿನ ಸೆಸ್ ಏರಿಸಿತು. ಮರುದಿನ ಐಟಿಸಿ ಷೇರು ಒಂದೇ ಏಟಿಗೆ ಶೇ 12ಕ್ಕೂ ಹೆಚ್ಚು ಕುಸಿಯಿತು. ತೆರಿಗೆ ಹಾಕಿದ್ದು ಸರ್ಕಾರ. ಷೇರಣ್ಣನ ಬೈಗುಳ ಹೋದದ್ದು ಕಲ್ಕತ್ತೆಗೆ. ‘ಹೊಸಬನ ಕಾಲ್ಗುಣ ಸರಿ ಇಲ್ಲ’ ಅಂದುಬಿಟ್ಟ. ಹೊಸ ಸೊಸೆ ಬಂದ ವರ್ಷ ಹಸು ಸತ್ತರೆ ಯಾರ ತಲೆಗೆ ಕಟ್ಟುತ್ತಾರೋ, ಅದೇ ನ್ಯಾಯ.

2019ರ ಮೇ ತಿಂಗಳಲ್ಲಿ ದೇವೇಶ್ವರ್ ತೀರಿಕೊಂಡು ಪುರಿ ಅಧ್ಯಕ್ಷರೂ ಆದರು. 2020ರ ಮಾರ್ಚಿನಲ್ಲಿ, ಕೊರೊನಾದ ಹೊಡೆತಕ್ಕೆ, ಷೇರು 150ಕ್ಕಿಂತ ಕೆಳಗೆ ಬಿತ್ತು. ಕಾಲ್ಗುಣದ ವಾದಕ್ಕೆ ಇನ್ನೇನು ಸಾಕ್ಷಿ ಬೇಕು? ಆದರೆ 2023ರ ಜುಲೈಗೆ ಅದೇ ಷೇರು, ಅದೇ ಪುರಿಯವರ ಕೈಕೆಳಗೆ, 500ರ ಹೊಸ್ತಿಲಿಗೆ ಬಂದು ನಿಂತಿತು. ಆಗ ಏನಂದ ಗೊತ್ತೇ? ‘ಹಿರೀಕ್ರು ನೆಟ್ಟಿದ್ ಮರ, ಈಗ ಕಾಯಿ ಬುಡ್ತಾ ಐತೆ.’ ಬಿದ್ದರೆ ಹೊಸಬನ ಕಾಲು, ಎದ್ದರೆ ಹಳಬರ ಪುಣ್ಯ. ಇಷ್ಟು ಭದ್ರವಾದ ಸಿದ್ಧಾಂತ ಅರ್ಥಶಾಸ್ತ್ರದಲ್ಲಿ ನಾನಂತೂ ಕಂಡಿಲ್ಲ, ಯಾವ ದಿಕ್ಕಿನಿಂದ ತಳ್ಳಿದರೂ ಬೀಳುವುದಿಲ್ಲ.

ಆಮೇಲೆ ಹಿಸ್ಸೆಯಾಯಿತು. ಹೋಟೆಲುಗಳು ಬಂಡವಾಳ ನುಂಗುವಷ್ಟು ಲಾಭ ಕಕ್ಕುವುದಿಲ್ಲ ಅಂತ ಷೇರುದಾರರ ಗೊಣಗಾಟ ಬಹಳ ದಿನದ್ದು. 2025ರ ಜನವರಿ 1ರಿಂದ ಐಟಿಸಿ ಹೋಟೆಲ್ಸ್ ಬೇರೆ ಕಂಪನಿ. ಶೇ 40 ಪಾಲು ಹಳೆ ಮನೆಯಲ್ಲೇ ಉಳಿದು, ಶೇ 60 ಷೇರುದಾರರಿಗೆ: ಹತ್ತಕ್ಕೊಂದು. ಷೇರಣ್ಣನ ಪಾಲಿಗೆ ಬಂದದ್ದು ಎರಡೂವರೆ. ಎರಡು ಖಾತೆಗೆ ಬಂತು, ಅರ್ಧಕ್ಕೆ ದುಡ್ಡು ಬಂತು. ಅಂದಿನಿಂದ ಬೆಂಗಳೂರಿಗೆ ಹೋದಾಗಲೆಲ್ಲ ಬಸ್ಸು ವಿಂಡ್ಸರ್ ಹೋಟೆಲಿನ ಮುಂದೆ ಹಾಯ್ದರೆ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಸುಣ್ಣ-ಬಣ್ಣ ಸರಿಯಾಗಿದೆಯೇ ಅಂತ ನೋಡುತ್ತಾನೆ. ಒಳಗೆ ಕಾಫಿ ಕುಡಿಯಬಹುದಲ್ಲ ಅಂದರೆ, ‘ನಮ್ ಹೋಟ್ಲಲ್ಲಿ ನಾವೇ ದುಡ್ ಕೊಟ್ ಕುಡಿಯಾದಾ?’

‘ಈ ಕಂಪ್ನಿಗೆ ನಿಜವಾದ ಓನರ್ ಯಾರಣ್ಣ?’ ಅಂತ ಒಬ್ಬ ಹುಡುಗ ಕೇಳಿದ. ಪ್ರಶ್ನೆ ಸಣ್ಣದಲ್ಲ. ಟಾಟಾ, ಬಿರ್ಲಾಗಳ ಹಾಗೆ ಇಲ್ಲಿ ಮಾಲೀಕ ಕುಟುಂಬವಿಲ್ಲ. ದೊಡ್ಡ ಪಾಲು ಲಂಡನ್ನಿನ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊದ್ದು, ಆಮೇಲೆ ಎಲ್‌ಐಸಿಯದ್ದು. ನಡೆಸುವವರು ಸಂಬಳದ ಅಧಿಕಾರಿಗಳು. ಅದಕ್ಕೇ ಕುರ್ಚಿ ಬದಲಾದರೆ ಮನೆ ಅಲ್ಲಾಡುವುದು ಕಡಿಮೆ. ಷೇರಣ್ಣ ಇದನ್ನೆಲ್ಲ ಹೇಳಲಿಲ್ಲ. ‘ನನ್ತಾವ ಎಲ್‌ಐಸಿ ಪಾಲಿಸಿನೂ ಐತೆ. ಆ ಕಡೆಯಿಂದ ನೋಡುದ್ರೂ ನಾನೇಯ’ ಅಂದ.

ಈಚೆಗೆ ಅವನಿಗೆ ಅಮೆರಿಕದ ಚಿಂತೆಯೂ ಹತ್ತಿದೆ. ಒಮಾಹಾ ಎಂಬ ಊರಿನ ವಾರನ್ ಬಫೆಟ್, 1965ರಲ್ಲಿ ಬರ್ಕ್‌ಷೈರ್ ಹ್ಯಾಥವೇ ಎಂಬ ಬಟ್ಟೆ ಗಿರಣಿಯನ್ನು ಕೈಗೆ ತೆಗೆದುಕೊಂಡು ವಿಮೆ, ರೈಲು, ವಿದ್ಯುತ್ತು ಅಂತ ಬೆಳೆಸಿದವರು, 94ನೇ ವಯಸ್ಸಿನಲ್ಲಿ ಸಿಇಒ ಕುರ್ಚಿ ಬಿಡುತ್ತೇನೆ ಅಂದರು. ಗ್ರೆಗ್ ಏಬಲ್ 2026ರ ಜನವರಿ 1ರಂದು ಕೂತರು. ಷೇರಣ್ಣನಿಗೆ ಬಫೆಟ್ ಮೇಲೆ ಗೌರವವಿದೆ, ಆದರೆ ಆ ಕಂಪನಿ 1967ರಲ್ಲೊಮ್ಮೆ ಬಿಟ್ಟರೆ ಡಿವಿಡೆಂಡೇ ಕೊಟ್ಟಿಲ್ಲ ಎಂದು ತಿಳಿದ ಮೇಲೆ ‘ಕೊಡದೋರ ಮನೆಗೆ ಎಣ್ಣು ಕೊಟ್ಟಂಗೆ’ ಅಂತ ಕೈಬಿಟ್ಟ.

ಅದೇ ಜನವರಿ 1ರಂದು ಇಲ್ಲಿ ಐಟಿಸಿ ಷೇರು ಜೋರಾಗಿ ಬಿತ್ತು. ಸಿಗರೇಟಿಗೆ ಫೆಬ್ರುವರಿಯಿಂದ ಹೊಸ ಅಬಕಾರಿ ಸುಂಕ ಅಂತ ಹಿಂದಿನ ದಿನ ಕೇಂದ್ರದ ಅಧಿಸೂಚನೆ ಬಂದಿತ್ತು. ಷೇರಣ್ಣ ಫೋನು ನೋಡಿದ, ತಾರೀಕು ನೋಡಿದ, ತೊಡೆ ತಟ್ಟಿದ: ‘ಆ ಏಬಲ್ಲಪ್ಪನ ಕಾಲ್ಗುಣ ನೋಡ್ರಲಾ! ಅಲ್ ಕುಂತ್ರೆ ಇಲ್ ಬೀಳ್ತದೆ.’

ಷೇರು ಮಾತ್ರ ಮಾರಿಲ್ಲ. 2024-25ರ ಸಾಲಿಗೆ ಐಟಿಸಿ ಕೊಟ್ಟ ಡಿವಿಡೆಂಡು ಷೇರಿಗೆ 14 ರೂಪಾಯಿ 35 ಪೈಸೆ. ಷೇರಣ್ಣನ ಖಾತೆಗೆ ಬಂದದ್ದು 358 ರೂಪಾಯಿ 75 ಪೈಸೆ, ಎರಡು ಕೆ.ಜಿ. ಒಳ್ಳೆಯ ಸೊಪ್ಪಿನ ಬೆಲೆಗೂ ಕಡಿಮೆ.