‘ಇರಲಿ ಬಿಡು’: ಅಟ್ಟಶಾಸ್ತ್ರಕ್ಕೊಂದು ಪೀಠಿಕೆ

ಕನ್ನಡಿಗರ ಮನೆಯಲ್ಲಿ ಸಾಮಾನು ಯಾಕೆ ಕರಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರವನ್ನು ಕೆಲವರು ವಾಸ್ತುವಿನಲ್ಲಿ ಹುಡುಕಿದ್ದಾರೆ, ಕೆಲವರು ಜಾತಕದಲ್ಲಿ, ಇನ್ನು ಕೆಲವರು ಸೊಸೆಯ ಗುಣದಲ್ಲಿ. ಪ್ರಸ್ತುತ ಲೇಖಕನ ಮತದಲ್ಲಿ ಉತ್ತರ ಇರುವುದು ವ್ಯಾಕರಣದಲ್ಲಿ. ‘ಇರು’ ಧಾತುವಿಗೆ ವಿಧ್ಯರ್ಥದ ‘ಅಲಿ’ ಪ್ರತ್ಯಯ ಸೇರಿದರೆ ‘ಇರಲಿ’. ಅಪ್ಪಣೆ, ಹಾರೈಕೆ, ಆಶೀರ್ವಾದ, ಸಮ್ಮತಿ ಇವು ಈ ರೂಪದ ಅರ್ಥಗಳು ಎಂದು ಶಾಲೆಯಲ್ಲಿ ಉರು ಹೊಡೆದಿದ್ದೇವೆ. ತಳ ಸುಟ್ಟ ಕುಕ್ಕರನ್ನು ಎತ್ತಿ ಹಿಡಿದು ‘ಇದನ್ನೇನಮ್ಮ ಮಾಡೋದು?’ ಎಂದಾಗ ನಮ್ಮಮ್ಮ ‘ಇರ್ಲಿ ಬಿಡೋ’ ಅನ್ನುತ್ತಾಳಲ್ಲ, ಅದರಲ್ಲಿ ಈ ನಾಲ್ಕೂ ಒಟ್ಟಿಗೇ ಇವೆ. ಕುಕ್ಕರಿಗೆ ಅದು ಆಶೀರ್ವಾದ. ನನಗೆ ಅಪ್ಪಣೆ.

‘ಬಿಡು’ವಿನ ಗತಿ ಇನ್ನೂ ವಿಚಿತ್ರ. ಊರು ಬಿಡು, ಸಿಗರೇಟು ಬಿಡು, ಆಸೆ ಬಿಡು ಎಂದು ಎಲ್ಲೆಡೆಯೂ ವೈರಾಗ್ಯವನ್ನೇ ಸಾರುವ ಧಾತು ಅದು. ‘ಇರಲಿ’ಯ ಬೆನ್ನಿಗೆ ಬಂದು ನಿಂತದ್ದೇ ತಡ, ಸನ್ಯಾಸ ಮುರಿದು ಸಂಸಾರಕ್ಕೆ ಇಳಿಯುತ್ತದೆ. ‘ಇರಲಿ ಬಿಡು’ ಎಂದಾಗ ಬಿಡಬೇಕಾದದ್ದು ಕುಕ್ಕರನ್ನಲ್ಲ, ಕುಕ್ಕರಿನ ಮಾತನ್ನು. ಹಳಗನ್ನಡದಲ್ಲಿ ಈ ‘ಇರಲಿ’ಯೇ ‘ಇರ್ಕೆ’ ಎಂದಿತ್ತು. ನಮ್ಮ ಅಟ್ಟ ಅಂದಿನಿಂದಲೇ ತುಂಬುತ್ತ ಬಂದಿದೆ ಎಂದು ಊಹಿಸಲು ಅಡ್ಡಿಯಿಲ್ಲ. ಕೆಳಗಿನ ಪದರವನ್ನು ಈವರೆಗೆ ಯಾರೂ ಮುಟ್ಟಿಲ್ಲ.

ಇನ್ನು ತರ್ಕ. ನೈಯಾಯಿಕರು ಅಭಾವಕ್ಕೆ ಕೊಡುವ ಹಳೆಯ ಉದಾಹರಣೆ, ನೆಲದ ಮೇಲೆ ಮಡಕೆ ಇಲ್ಲ ಎಂಬುದು. ನಮ್ಮ ಮನೆಯಲ್ಲಿ ಈ ಉದಾಹರಣೆ ನಡೆಯುವುದಿಲ್ಲ. ಮಡಕೆ ಇದೆ, ನೆಲ ಕಾಣುತ್ತಿಲ್ಲ. ತರ್ಕದ ದೋಷಗಳಿಗಂತೂ ಅಡುಗೆಮನೆಯೊಂದೇ ಸಾಕು. ಬಾಗಿಲ ಹಿಂದಿನ ಮೊಳೆಗೆ ಒಂದು ಕವರು ತೂಗುಬಿದ್ದಿದೆ. ಅದರ ತುಂಬ ಕವರುಗಳು. ಆ ಕವರುಗಳೊಳಗೂ ಮಡಚಿಟ್ಟ ಕವರುಗಳು. ಇದು ಅನವಸ್ಥಾ ದೋಷ. ಮಿಕ್ಸಿ, ಟೀವಿ, ಇಸ್ತ್ರಿಪೆಟ್ಟಿಗೆಗಳ ರಟ್ಟಿನ ಡಬ್ಬಗಳನ್ನು ಮನೆ ಬದಲಿಸುವಾಗ ಬೇಕಾಗುತ್ತವೆಂದು ಇಟ್ಟಿದ್ದೇವೆ. ಇಷ್ಟೊಂದು ಡಬ್ಬ ಇರುವುದರಿಂದ ಮನೆ ಬದಲಿಸುವ ಧೈರ್ಯ ಬರುತ್ತಿಲ್ಲ. ಇದು ಅನ್ಯೋನ್ಯಾಶ್ರಯ. ಮಿಕ್ಸಿ ಸತ್ತು ಎಷ್ಟೋ ವರ್ಷವಾಯಿತು, ಡಬ್ಬ ಗಟ್ಟಿಮುಟ್ಟಾಗಿದೆ.

ಪೂರ್ವಪಕ್ಷವನ್ನು ಮಂಡಿಸಿದವಳು ನನ್ನ ಹೆಂಡತಿ. ಅವಳ ಆಚಾರ್ಯೆ ಜಪಾನಿನ ಮಾರಿ ಕೊಂಡೊ. 2010ರ ಕೊನೆಯಲ್ಲಿ ಜಪಾನಿನಲ್ಲಿ ಪುಸ್ತಕ ಬರೆದು, 2019ರಲ್ಲಿ ನೆಟ್‌ಫ್ಲಿಕ್ಸಿನ ಮೂಲಕ ನಮ್ಮ ಹಾಲಿಗೂ ಬಂದವರು. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕಡೆಗೆ ನೆನಪಿನ ವಸ್ತು. ಒಂದೊಂದನ್ನೇ ಕೈಗೆತ್ತಿಕೊಳ್ಳಿ, ಮನಸ್ಸಿಗೆ ಖುಷಿಯಾದರೆ ಇಟ್ಟುಕೊಳ್ಳಿ, ಇಲ್ಲವಾದರೆ ವಂದಿಸಿ ಬೀಳ್ಕೊಡಿ ಎಂಬುದು ಆ ದರ್ಶನದ ಸಾರ. ಹೆಸರು ಕಿವಿಗೆ ಬಿದ್ದೊಡನೆ ಅಮ್ಮ, ‘ಯಾರದು, ಮನೆ ಸಾಮಾನೆಲ್ಲ ಮಾರ್ಕೊಂಡೋಳಾ?’ ಎಂದಳು. ನಿರುಕ್ತದ ದೃಷ್ಟಿಯಿಂದ ತಪ್ಪೇನಿಲ್ಲ. ಆದರೂ ಪರೀಕ್ಷೆಗೆ ಒಪ್ಪಿದಳು. ಹಿಡಿಯಿಲ್ಲದ ಸೌಟು ಎತ್ತಿಕೊಂಡಳು, ಖುಷಿಯಾಯಿತು. ಹಾರ್ಲಿಕ್ಸಿನ ಗಾಜಿನ ಸೀಸೆ ಎತ್ತಿಕೊಂಡಳು, ತುಂಬ ಖುಷಿಯಾಯಿತು. ಸಂಜೆಯ ಹೊತ್ತಿಗೆ ಅವಳಿಗೆ ಖುಷಿ ಕೊಡದ ವಸ್ತು ಮನೆಯಲ್ಲಿ ಉಳಿದದ್ದು ಒಂದೇ, ನೆಟ್‌ಫ್ಲಿಕ್ಸು. ಮೂರನೆಯ ಮಗುವಾದ ಮೇಲೆ ಈ ಅಚ್ಚುಕಟ್ಟಿನ ಹಟವನ್ನು ತಾವೇ ಬಹುಮಟ್ಟಿಗೆ ಕೈಬಿಟ್ಟಿರುವುದಾಗಿ ಕೊಂಡೊ ಅವರು 2023ರಲ್ಲಿ ಒಪ್ಪಿಕೊಂಡ ಸುದ್ದಿ ಬಂದಾಗ ಅಮ್ಮನಿಗೆ ಜಂಬವೇನೂ ಬರಲಿಲ್ಲ. ‘ಪಾಪ, ಇರ್ಲಿ ಬಿಡು’ ಎಂದಳು.

ಅಪ್ಪನದು ಐತಿಹಾಸಿಕ ಪಕ್ಷ. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಂದು ತಾಳೆಗರಿಯ ಕಟ್ಟು ಕೊಟ್ಟರು, 1905ರಲ್ಲಿ ಆರ್. ಶಾಮಾಶಾಸ್ತ್ರಿಗಳು ಬಿಚ್ಚಿ ಓದಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ! ಶತಮಾನಗಳಿಂದ ಕಳೆದೇ ಹೋಯಿತೆಂದು ಜಗತ್ತು ನಂಬಿದ್ದ ಗ್ರಂಥ 1909ರಲ್ಲಿ ಅಚ್ಚಾಯಿತು. ‘ಆ ಪಂಡಿತರ ಮನೇಲಿ ಹಬ್ಬಕ್ಕೆ ಮುಂಚೆ ಅಟ್ಟ ಗುಡಿಸಿಬಿಟ್ಟಿದ್ರೆ?’ ಎಂದು ಅಪ್ಪ ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ. ಅಪ್ಪನ ಕಟ್ಟನ್ನೂ ನಾನು ಶಾಮಾಶಾಸ್ತ್ರಿಗಳ ಶ್ರದ್ಧೆಯಿಂದಲೇ ಬಿಚ್ಚಿದೆ. 1987ರ ಕರೆಂಟು ಬಿಲ್ಲು, ಹಿಂಬದಿ ಖಾಲಿ ಇರುವ ಲಗ್ನಪತ್ರಿಕೆಗಳು, ನನ್ನ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡು. ಕೊನೆಯದನ್ನು ನನ್ನ ಮಗಳು ಬರುವ ಮೊದಲೇ ಕಟ್ಟಿನ ತಳಕ್ಕೆ ಸೇರಿಸಿದೆ. ಸಂರಕ್ಷಣೆಯ ಮಹತ್ವ ಅರಿವಾದದ್ದು ಆ ಗಳಿಗೆಯಲ್ಲಿ.

ಈ ಶಾಸ್ತ್ರದ ಪರಮಪ್ರಮಾಣ ಮಾತ್ರ ಅಟ್ಟದಲ್ಲಿಲ್ಲ, ದೇವರ ಮನೆಯ ಗೂಡಿನಲ್ಲಿದೆ. ಒಂದು ಬೀಗದ ಕೈ ಗೊಂಚಲು. ತಂತಿ ಬಳೆಯಲ್ಲಿ ಹದಿನೇಳು ಕೈಗಳು. ಎರಡು ಹಿತ್ತಾಳೆಯವು, ಹಿಡಿದು ಹಿಡಿದು ಅಂಚು ನುಣುಪಾಗಿವೆ. ಒಂದಕ್ಕೆ ಹಸಿರು ದಾರ ಸುತ್ತಿದೆ. ಸೈಕಲ್ಲಿನದೊಂದು ಬೆರಳುಗುರಿಗಿಂತ ಚಿಕ್ಕದು. ಒಂದು ಅಡ್ಡ ಬಾಗಿದೆ, ಯಾರೋ ಬೀಗದ ಜತೆ ಜಗಳವಾಡಿದ್ದಾರೆ. ಇವುಗಳಲ್ಲಿ ಒಂದಕ್ಕೂ ಬೀಗವಿಲ್ಲ. ಎಸೆಯೋಣವೆಂದರೆ ಅಮ್ಮ ಕೇಳುತ್ತಾಳೆ, ‘ನಾಳೆ ಬೀಗ ಸಿಕ್ಕಿದ್ರೆ?’ ಹಾಗೆಯೇ ಅಟ್ಟದ ಟ್ರಂಕಿನಲ್ಲಿ ಐದು ಬೀಗಗಳಿವೆ, ನಾಳೆ ಕೈ ಸಿಕ್ಕೀತೆಂದು. ಹದಿನೇಳನ್ನೂ ಐದಕ್ಕೂ ತುರುಕಿ ನೋಡಿದ್ದೇನೆ. ಎಂಬತ್ತೈದು ಪ್ರಯೋಗ, ಒಂದೂ ಕೂಡಿಬರಲಿಲ್ಲ. ಹಸಿರು ದಾರದ್ದು ನಮ್ಮಜ್ಜಿಯ ಉಗ್ರಾಣದ್ದಂತೆ. ಆ ಮನೆ ಮಾರಿದ್ದಾಯಿತು, ಕೊಂಡವರು ಕೆಡವಿದ್ದೂ ಆಯಿತು. ಉಗ್ರಾಣದ ಕೈ ಮಾತ್ರ ಇನ್ನೂ ನಮ್ಮ ಹತ್ತಿರವೇ ಇದೆ.

ವಿಸರ್ಜನೆ ಎಂಬುದು ನಡೆಯುವುದೇ ಇಲ್ಲವೇ ಎಂದರೆ, ನಡೆಯುತ್ತದೆ. ಬುಟ್ಟಿ ಹೊತ್ತು ಬರುವ ಪಾತ್ರೆಯವಳು ನನ್ನ ಎರಡು ಪ್ಯಾಂಟುಗಳನ್ನು ಬೆಳಕಿಗೆ ಹಿಡಿದು ತೂತು ಹುಡುಕಿ, ಅಮ್ಮನ ಮೂರು ಸೀರೆಗಳ ಅಂಚು ಸವರಿ, ಅರ್ಧ ಗಂಟೆ ಚೌಕಾಸಿ ಮಾಡಿ ಒಂದು ಸ್ಟೀಲಿನ ಬೋಗುಣಿ ಕೊಟ್ಟಳು. ಬಟ್ಟೆಯಾದರೂ ಮಡಚಿದರೆ ಕುಗ್ಗುತ್ತಿತ್ತು. ಬೋಗುಣಿ ಅಟ್ಟಕ್ಕೇರಿದೆ, ‘ಯಾರ್ದಾದ್ರೂ ಮದುವೇಲಿ ಕೊಡೋಕಾಗತ್ತೆ’ ಎಂಬ ಷರಾದೊಂದಿಗೆ.

ಹೋದ ಸಲ ಮಹಾನವಮಿಗೆ ಮುಂಚೆ ಹೆಂಡತಿ ಪಟ್ಟು ಹಿಡಿದು ಒಂದು ದೊಡ್ಡ ರಟ್ಟಿನ ಡಬ್ಬ ತಂದು, ಮಾರ್ಕರಿನಲ್ಲಿ ದಪ್ಪಗೆ ‘ಎಸೆಯಲು’ ಎಂದು ಬರೆದಳು. ಸುಟ್ಟ ಕುಕ್ಕರು, ಹಿಡಿಯಿಲ್ಲದ ಸೌಟು, ಗೊಂಚಲು, ಐದು ಬೀಗ, ಎಲ್ಲವೂ ಅದರೊಳಗೆ ಹೋದವು. ಗುಜರಿಯವನು ಹಬ್ಬ ಮುಗಿಸಿಕೊಂಡು ಬರುತ್ತೇನೆಂದ. ಮಹಾನವಮಿಯ ದಿನ ಆಯುಧಪೂಜೆ. ಅಮ್ಮ ಅರಿಸಿನ ಕುಂಕುಮದ ಬಟ್ಟಲು ಹಿಡಿದು ಹೊರಟಳು. ಸ್ಕೂಟರು, ಈಳಿಗೆಮಣೆ, ಹೊಲಿಗೆ ಮಿಷನ್ನು, ಮಗಳ ಲ್ಯಾಪ್‌ಟಾಪು. ಹಾದಿಯಲ್ಲೇ ಇದ್ದ ಡಬ್ಬಕ್ಕೂ ‘ಎಸೆಯಲು’ ಎಂಬುದರ ಮೇಲೆ ಮೂರು ಬೊಟ್ಟು ಇಟ್ಟು, ಒಂದು ಚೆಂಡು ಹೂ ಸಿಕ್ಕಿಸಿದಳು.

ಎರಡು ದಿನ ಬಿಟ್ಟು ಗುಜರಿಯವನು ತಕ್ಕಡಿ ಹಿಡಿದು ಬಂದ. ಹೂ ಇನ್ನೂ ಬಾಡಿರಲಿಲ್ಲ.

‘ಪೂಜೆ ಆಗಿರೋದನ್ನ ಹೇಗೆ ಕೊಡ್ತೀಯೋ?’ ಎಂದಳು ಅಮ್ಮ.

ನಾನು ಹೆಂಡತಿಯ ಮುಖ ನೋಡಿದೆ. ಅವಳು ಗುಜರಿಯವನ ಮುಖ ನೋಡಿದಳು. ಅವನು ತಕ್ಕಡಿಯನ್ನು ಸೈಕಲ್ಲಿಗೆ ನೇತುಹಾಕುತ್ತ, ‘ಇರ್ಲಿ ಬಿಡಿ ಅಕ್ಕಾ’ ಎಂದ.